ವಿಜ್ಞಾನ ಓದಿದವರಿಗೆ ಇತಿಹಾಸದ ಬಾಗಿಲು

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರದಲ್ಲಿ ಕರ್ನಾಟಕದ ಸಾವಿರಾರು ಮನೆಗಳಲ್ಲಿ ಒಂದು ತೀರ್ಮಾನ ಆಗಿಬಿಡುತ್ತದೆ. ಅಂಕ ಹೆಚ್ಚು ಬಂದವರು ವಿಜ್ಞಾನಕ್ಕೆ, ನಡುವಿನವರು ವಾಣಿಜ್ಯಕ್ಕೆ, ಉಳಿದವರು ಕಲಾ ವಿಭಾಗಕ್ಕೆ. ತೊಂಬತ್ತು ಚಿಲ್ಲರೆ ಪರ್ಸೆಂಟ್ ತೆಗೆದ ಮಗು ತನಗೆ ಇತಿಹಾಸ ಇಷ್ಟ ಎಂದು ಬಾಯಿ ಬಿಟ್ಟರೆ, "ಇಷ್ಟು ಮಾರ್ಕ್ಸ್ ತೆಗೆದು ಆರ್ಟ್ಸ್ ತಗೋತೀಯಾ?" ಎಂದು ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಹದಿನಾರನೆಯ ವಯಸ್ಸಿಗೆ ಬಿದ್ದ ಆ ಮೊಹರು ಮುಂದೆ ಸುಲಭವಾಗಿ ಅಳಿಯುವುದಿಲ್ಲ.

ಆದರೆ ಆಸೆ ಎಂಬುದೂ ಅಷ್ಟು ಬೇಗ ಸಾಯುವುದಿಲ್ಲ. ಹದಿನೈದಿಪ್ಪತ್ತು ವರ್ಷ ಕಳೆದ ಮೇಲೆ ಆ ಹುಡುಗ ಎಂಜಿನಿಯರ್ ಆಗಿರುತ್ತಾನೆ, ಆ ಹುಡುಗಿ ಪ್ರೌಢಶಾಲೆಯಲ್ಲಿ ಗಣಿತದ ಮೇಡಂ ಆಗಿರುತ್ತಾಳೆ. ಭಾನುವಾರ ಬಂದರೆ ಊರಾಚೆಯ ವೀರಗಲ್ಲಿನ ಮುಂದೆ ನಿಂತು ಅಕ್ಷರ ಕೂಡಿಸಿ ಓದಲು ನೋಡುತ್ತಾರೆ. ಗ್ರಂಥಾಲಯದಲ್ಲಿ ಯಾರೂ ಮುಟ್ಟದ ಶಾಸನ ಸಂಪುಟಗಳ ಧೂಳು ಒರೆಸುತ್ತಾರೆ. ಒಂದು ದಿನ ಸಂಕೋಚದಿಂದಲೇ ಆ ಪ್ರಶ್ನೆ ಹೊರಬರುತ್ತದೆ: "ಬಿ.ಎಸ್ಸಿ. ಮಾಡಿದವರು ಇತಿಹಾಸದಲ್ಲಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದೇ?"

ಹಾಕಬಹುದು. ಆದರೆ ಈ ಉತ್ತರಕ್ಕೆ ಎರಡು ಭಾಗಗಳಿವೆ. ನಿಯಮಗಳು ಏನು ಹೇಳುತ್ತವೆ ಎಂಬುದು ಮೊದಲನೆಯದು. ಅದನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ತಾನು ಓದಿದ ವಿಜ್ಞಾನವನ್ನು ಇತಿಹಾಸದ ಮನೆಯೊಳಕ್ಕೆ ಹೇಗೆ ಒಯ್ಯಬೇಕು ಎಂಬುದು ಎರಡನೆಯದು. ಅದಕ್ಕೆ ವರ್ಷಗಳೇ ಬೇಕಾಗುತ್ತವೆ. ಅರ್ಜಿ ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಅಲ್ಲಿಯೇ.

ನಾಣ್ಯ ತೂಗಿದ ಗಣಿತಜ್ಞ

ಈ ಮಾತು ಬಂದಾಗ ಮೊದಲು ನೆನೆಯಬೇಕಾದ ಹೆಸರು ದಾಮೋದರ ಧರ್ಮಾನಂದ ಕೋಸಂಬಿ. 1907ರಲ್ಲಿ ಗೋವೆಯಲ್ಲಿ ಹುಟ್ಟಿದ ಕೋಸಂಬಿ 1929ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಪದವಿ ಪಡೆದು ಬಂದವರು. ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಗಣಿತ ಕಲಿಸಿದರು. ಆಮೇಲೆ 1962ರವರೆಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದರು. ವಂಶವಾಹಿಗಳ ನಕ್ಷೆ ತಯಾರಿಸುವವರು ಅವರ ಹೆಸರಿನ ಒಂದು ಸೂತ್ರವನ್ನು ಇಂದಿಗೂ ಬಳಸುತ್ತಾರೆ. ಇಂಥವರು ಇತಿಹಾಸಕ್ಕೆ ಕಾಲಿಟ್ಟದ್ದು ಹಳೆಯ ಬೆಳ್ಳಿ ನಾಣ್ಯಗಳ ದಾರಿಯಲ್ಲಿ.

ಮೌರ್ಯರ ಕಾಲದ ಹಿಂದುಮುಂದಿನ ಆ ಮುದ್ರಾಂಕಿತ ನಾಣ್ಯಗಳ ಮೇಲೆ ರಾಜನ ಹೆಸರಿಲ್ಲ, ವರ್ಷವಿಲ್ಲ. ಸೂರ್ಯ, ಬೆಟ್ಟ, ಪ್ರಾಣಿಗಳಂಥ ಗುರುತುಗಳಷ್ಟೇ ಇವೆ. ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳುವುದು ಹೇಗೆ? ಕೋಸಂಬಿ ಸೂಕ್ಷ್ಮ ತಕ್ಕಡಿ ಹಿಡಿದು ಒಂದೊಂದನ್ನೇ ತೂಗಿದರು. ನಾಣ್ಯ ಕೈಯಿಂದ ಕೈಗೆ ಹೋದಂತೆ ಸವೆಯುತ್ತದೆ, ಸವೆದಂತೆ ತೂಕ ಇಳಿಯುತ್ತದೆ. ಚಲಾವಣೆಯಲ್ಲಿದ್ದಾಗ ಅದನ್ನು ಪರೀಕ್ಷಿಸಿದವರು ಹಿಂಬದಿಯಲ್ಲಿ ಸಣ್ಣ ಸಣ್ಣ ಗುರುತು ಒತ್ತುತ್ತಿದ್ದರು. ಹಿಂಬದಿಯ ಗುರುತುಗಳು ಹೆಚ್ಚಿದಂತೆ ಸರಾಸರಿ ತೂಕ ಕಡಿಮೆಯಾಗುತ್ತದೆಂದು ಅವರು ಸಂಖ್ಯಾಶಾಸ್ತ್ರದ ಲೆಕ್ಕದಿಂದ ತೋರಿಸಿದರು. ಬಾಯಿಲ್ಲದ ನಾಣ್ಯ ತನ್ನ ವಯಸ್ಸು ಹೇಳತೊಡಗಿತು.

ಅಲ್ಲಿಗೇ ನಿಂತಿದ್ದರೆ ಕೋಸಂಬಿ ಚತುರ ಗಣಿತಜ್ಞರಾಗಿ ಉಳಿಯುತ್ತಿದ್ದರು, ಅಷ್ಟೇ. ಈ ನಾಣ್ಯ ಯಾರ ಕೈಯಲ್ಲಿತ್ತು? ಯಾವ ವ್ಯಾಪಾರ ಅದನ್ನು ಸವೆಸಿತು? ಆ ವ್ಯಾಪಾರಕ್ಕೆ ಧಾನ್ಯ ಬೆಳೆದವರು ಯಾರು? ಹೀಗೆ ಕೇಳುತ್ತ ಹೋದದ್ದರಿಂದ ಅವರು ಇತಿಹಾಸಕಾರರಾದರು. ಸಂಸ್ಕೃತವನ್ನು ಆಳವಾಗಿ ಓದಿ 1948ರಲ್ಲಿ ಭರ್ತೃಹರಿಯ ಪದ್ಯಗಳ ಶಾಸ್ತ್ರೀಯ ಸಂಪಾದನೆ ಹೊರತಂದರು. ಪುಣೆಯ ಸುತ್ತಲಿನ ಗುಡ್ಡಗಳಲ್ಲಿ ಅಲೆದು ಶಿಲಾಯುಗದ ಸಣ್ಣ ಕಲ್ಲಿನ ಉಪಕರಣಗಳನ್ನು ಹೆಕ್ಕಿದರು. ಭಾರತೀಯ ಇತಿಹಾಸದ ಅಧ್ಯಯನವನ್ನು ಕುರಿತು 1956ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಪುಸ್ತಕ, ಇತಿಹಾಸವೆಂದರೆ ರಾಜರ ಪಟ್ಟಿ ಎಂಬ ನಂಬಿಕೆಯನ್ನೇ ಅಲ್ಲಾಡಿಸಿತು.

ಕಾಲ ಬದಲಾಗಿದೆ

ಕೋಸಂಬಿಯವರಿಗೆ ಇತಿಹಾಸದಲ್ಲಿ ಡಾಕ್ಟರೇಟ್ ಇರಲಿಲ್ಲ. ಹಿಂದೆ ಹೀಗೆ ಬೇರೆ ಕಡೆಯಿಂದ ಬಂದವರು ಬಹಳ. ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಹೊರತಂದ ಬಿ.ಎಲ್. ರೈಸ್ ಮೈಸೂರಿನ ಶಿಕ್ಷಣ ಇಲಾಖೆಯವರು. ಭಾರತದ ಪಂಚಾಂಗಗಳ ಲೆಕ್ಕವನ್ನು ಇತಿಹಾಸಕಾರರ ಕೈಗೆ ಕೊಟ್ಟವರಲ್ಲಿ ಒಬ್ಬರಾದ ಶಂಕರ ಬಾಲಕೃಷ್ಣ ದೀಕ್ಷಿತರು ಮಹಾರಾಷ್ಟ್ರದ ಶಾಲಾ ಶಿಕ್ಷಕರು. ಚೀನದ ವಿಜ್ಞಾನದ ಇತಿಹಾಸವನ್ನು ಸಂಪುಟಗಟ್ಟಲೆ ಬರೆಸಿದ ಜೋಸೆಫ್ ನೀಡಮ್ ಕೇಂಬ್ರಿಜ್‌ನ ಜೀವರಸಾಯನ ವಿಜ್ಞಾನಿ. ಕನ್ನಡ ನಾಡಿನ ಸಂಸ್ಕೃತಿಯ ಬೇರು ಹುಡುಕಿ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಂಬಾ ಜೋಶಿಯವರು ಹೈಸ್ಕೂಲು ಮೇಷ್ಟ್ರು.

ಹಾಗಾದರೆ ಪಿಎಚ್.ಡಿ. ಏಕೆ ಬೇಕು ಎಂದು ಕೇಳಬಹುದು. ಹೆಸರಿನ ಹಿಂದೆ 'ಡಾ.' ಸೇರಿಸುವುದಕ್ಕೇ ಆದರೆ ಬೇಡವೇ ಬೇಡ. ಅದಕ್ಕೆ ತೆರಬೇಕಾದ ಬೆಲೆ ಹೆಚ್ಚು. ಹವ್ಯಾಸಿಗೆ ಸಿಗದ ಒಂದು ಸಂಗತಿ ಅಲ್ಲಿ ಸಿಗುತ್ತದೆ. ಅದು ತಿದ್ದುವವರ ಸಹವಾಸ. ಒಂಟಿಯಾಗಿ ಓದುವವನು ತನ್ನ ಊಹೆಯನ್ನೇ ಸಾಕ್ಷಿ ಎಂದು ನಂಬಿಬಿಡುವ ಅಪಾಯ ದೊಡ್ಡದು. "ಇದನ್ನು ಎಲ್ಲಿಂದ ತೆಗೆದಿರಿ? ಮೂಲ ತೋರಿಸಿ" ಎಂದು ನಾಲ್ಕಾರು ವರ್ಷ ಬೆನ್ನು ಬಿಡದೆ ಕೇಳುವ ಮಾರ್ಗದರ್ಶಕರೂ ಸಹಪಾಠಿಗಳೂ ಇದ್ದರೆ ಆ ರೋಗ ವಾಸಿಯಾಗುತ್ತದೆ. ಮೇಲಾಗಿ ವಿಶ್ವವಿದ್ಯಾನಿಲಯಗಳಲ್ಲಿ ಕಲಿಸುವ ಕೆಲಸಕ್ಕೆ ಇಂದು ಪದವಿಯ ಕಾಗದವೂ ಬೇಕು.

ನಿಯಮದ ಮೆಟ್ಟಿಲುಗಳು

ಭಾರತದಲ್ಲಿ ಈ ದಾರಿಯನ್ನು ನಿಗದಿ ಮಾಡುವುದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಎಂದರೆ ಯುಜಿಸಿ. ಅದರ 2022ರ ನಿಯಮಾವಳಿಯಂತೆ ಪಿಎಚ್.ಡಿ.ಗೆ ಎರಡು ಮುಖ್ಯ ದಾರಿಗಳಿವೆ. ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಪಡೆದಿರುವುದು ಒಂದು. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದಿರುವುದು ಇನ್ನೊಂದು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮೊದಲಾದವರಿಗೆ ಶೇ 5ರ ರಿಯಾಯಿತಿ ಉಂಟು. ನಾಲ್ಕು ವರ್ಷದ ಪದವಿ ಪಡೆದವರು ತಾವು ಓದಿದ ವಿಷಯ ಯಾವುದೇ ಇದ್ದರೂ, ಪಿಎಚ್.ಡಿ. ಮಾಡಬಯಸುವ ವಿಷಯದಲ್ಲಿ ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಅಂದರೆ ನೆಟ್ ಬರೆಯಬಹುದೆಂದು ಯುಜಿಸಿ 2024ರಲ್ಲಿ ತಿಳಿಸಿತು. ಬೇಲಿ ದಾಟುವವರಿಗೆ ಇದೊಂದು ದೊಡ್ಡ ಅನುಕೂಲ. ಆದರೆ ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಆದ್ದರಿಂದ ಇಲ್ಲಿನ ಬಹುಪಾಲು ಬಿ.ಎಸ್ಸಿ.ಯವರಿಗೆ ಎಂ.ಎ.ಯ ದಾರಿಯೇ ಗತಿ.

ಆ ಎಂ.ಎ.ಯನ್ನು ಕೆಲಸ ಬಿಡದೆ ಮಾಡಬಹುದು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ ಇತಿಹಾಸ ಎಂ.ಎ.ಗೆ ಯಾವ ವಿಷಯದ ಪದವೀಧರರೂ ಸೇರಬಹುದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲೂ ಇತಿಹಾಸದ ಎಂ.ಎ. ಇದೆ. ಮಾನ್ಯತೆಯಿರುವ ಸಂಸ್ಥೆಗಳ ದೂರಶಿಕ್ಷಣದ ಪದವಿ, ತರಗತಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಸೇರುವ ವರ್ಷದಲ್ಲಿ ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿ ಪಟ್ಟಿ ನೋಡಿಯೇ ಹಣ ಕಟ್ಟಬೇಕು. ಎರಡು ವರ್ಷದ ಈ ಓದನ್ನು ಕೇವಲ ನಿಯಮಕ್ಕಾಗಿ ಎಂದುಕೊಳ್ಳಬಾರದು. ಒಂದೇ ಘಟನೆಯನ್ನು ಮೂವರು ಇತಿಹಾಸಕಾರರು ಮೂರು ರೀತಿ ಏಕೆ ಬರೆದರು ಎಂಬುದನ್ನು ಕಲಿಯುವುದು ಇಲ್ಲಿಯೇ.

ಮುಂದಿನ ಮೆಟ್ಟಿಲು ನೆಟ್. ವರ್ಷಕ್ಕೆ ಎರಡು ಬಾರಿ ನಡೆಯುವ ಈ ಪರೀಕ್ಷೆಯಲ್ಲಿ 150 ಪ್ರಶ್ನೆ, 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇತಿಹಾಸದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ ಎಂಬುದನ್ನು ಕನ್ನಡ ಮಾಧ್ಯಮದವರು ಮೊದಲೇ ಗಮನಿಸಬೇಕು. ಅಂಕ ಗಳಿಸಿದವರನ್ನು 2024ರಿಂದ ಮೂರು ವರ್ಗ ಮಾಡುತ್ತಾರೆ: ಸಂಶೋಧನಾ ಶಿಷ್ಯವೇತನವೂ ಸಿಗುವವರು, ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಪಿಎಚ್.ಡಿ.ಗೂ ಅರ್ಹರಾದವರು, ಪಿಎಚ್.ಡಿ. ಪ್ರವೇಶಕ್ಕಷ್ಟೇ ಅರ್ಹರಾದವರು. ಕೊನೆಯ ಎರಡು ವರ್ಗದವರ ಆಯ್ಕೆಯಲ್ಲಿ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30. ಪ್ರವೇಶದ ಮಟ್ಟಿಗೆ ಆ ಅಂಕ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ತಮ್ಮದೇ ಪ್ರವೇಶ ಪರೀಕ್ಷೆ ನಡೆಸುವ ವಿಶ್ವವಿದ್ಯಾನಿಲಯಗಳೂ ಇವೆ. ಆದ್ದರಿಂದ ಪ್ರತಿ ಪ್ರಕಟಣೆಯನ್ನೂ ಕೊನೆಯ ಸಾಲಿನವರೆಗೆ ಓದಬೇಕು.

ಜಾಗ ಇದ್ದರಷ್ಟೇ ಪ್ರವೇಶ ಎಂಬುದು ಇನ್ನೊಂದು ಮಾತು. ಒಬ್ಬ ಪ್ರಾಧ್ಯಾಪಕರು ಒಂದು ಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ವಿದ್ಯಾರ್ಥಿಗಳಿಗಿಂತ ಹೆಚ್ಚು ಜನರಿಗೆ ಮಾರ್ಗದರ್ಶನ ಮಾಡುವಂತಿಲ್ಲ. ಹೀಗಾಗಿ ವಿಭಾಗದಲ್ಲಿ ಯಾರು ಯಾವ ಕಾಲದ, ಯಾವ ವಿಷಯದ ಮೇಲೆ ಕೆಲಸ ಮಾಡುತ್ತಿದ್ದಾರೆ, ಅವರ ಬಳಿ ಜಾಗ ಖಾಲಿ ಇದೆಯೇ ಎಂದು ತಿಳಿಯದೆ ಹತ್ತು ಕಡೆ ಅರ್ಜಿ ಗುಜರಾಯಿಸುವುದು ಕತ್ತಲಲ್ಲಿ ಕಲ್ಲೆಸೆದಂತೆ. ಅವರ ಒಂದೆರಡು ಲೇಖನವನ್ನಾದರೂ ಓದಿ, ಅದರ ಬಗ್ಗೆ ಒಂದು ಒಳ್ಳೆಯ ಪ್ರಶ್ನೆ ಇಟ್ಟುಕೊಂಡು ಪತ್ರ ಬರೆದರೆ ಉತ್ತರ ಬರುವ ಸಂಭವ ಹೆಚ್ಚು.

ವಿಷಯ ಬೇರೆ, ಪ್ರಶ್ನೆ ಬೇರೆ

ಅರ್ಜಿಯ ಜೀವ ಇರುವುದು ಸಂಶೋಧನಾ ಪ್ರಸ್ತಾವದಲ್ಲಿ. ಹೊರಗಿನಿಂದ ಬಂದವರು ಸಾಮಾನ್ಯವಾಗಿ ಎಡವುವುದು ಇಲ್ಲಿ. "ಹೊಯ್ಸಳರ ಕಾಲದ ಕೆರೆಗಳು" ಎಂದು ಬರೆದುಕೊಟ್ಟು ಪ್ರಸ್ತಾವ ಮುಗಿಯಿತೆಂದುಕೊಳ್ಳುತ್ತಾರೆ. ಅದು ವಿಷಯದ ಹೆಸರು, ಪ್ರಶ್ನೆ ಅಲ್ಲ. ಕೆರೆ ಒಡೆದಾಗ ದುರಸ್ತಿಯ ಖರ್ಚು ಯಾರ ತಲೆಗೆ ಬೀಳುತ್ತಿತ್ತು? ಕೆರೆಯ ಕೆಳಗಿನ ಗದ್ದೆ ದೇವಾಲಯಕ್ಕೆ ದಾನವಾದ ಮೇಲೆ ಆ ಹೊಣೆ ಬದಲಾಯಿತೇ? ಹೀಗೆ ಕೇಳಿದರೆ ಪ್ರಶ್ನೆಯಾಯಿತು. ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದೇನಲ್ಲ. "ಉಷ್ಣ" ಎಂಬ ತಲೆಬರಹದ ಕೆಳಗೆ ಯಾರೂ ಪ್ರಯೋಗ ಮಾಡುವುದಿಲ್ಲ. ಏನನ್ನು ಅಳೆಯುತ್ತೇವೆ, ಯಾವುದರಿಂದ, ತಪ್ಪಾಗುವ ಸಂಭವವೆಷ್ಟು ಎಂದು ಮೊದಲು ಬರೆದುಕೊಳ್ಳುತ್ತಾರೆ.

ಪ್ರಶ್ನೆಯ ಹಿಂದೆಯೇ ಆಕರ ಬರಬೇಕು. ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಶಾಸನ, ಕಡತ, ಹಸ್ತಪ್ರತಿ, ಕಂದಾಯದ ಲೆಕ್ಕ ಎಲ್ಲಿದೆ? ಪ್ರಕಟವಾಗಿದೆಯೇ, ಇಲ್ಲವೇ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕೂತು ಹುಡುಕಬೇಕೇ? ಅದು ಯಾವ ಭಾಷೆಯಲ್ಲಿದೆ, ಯಾವ ಲಿಪಿಯಲ್ಲಿದೆ? ಇವಕ್ಕೆ ಒಂದು ಪುಟದಲ್ಲಿ ಉತ್ತರ ಬರೆಯಬಲ್ಲವರ ಪದವಿ ಬಿ.ಎಸ್ಸಿ.ಯೋ ಬಿ.ಎ.ಯೋ ಎಂದು ಸಂದರ್ಶನ ಸಮಿತಿ ತಲೆ ಕೆಡಿಸಿಕೊಳ್ಳುವುದು ಕಡಿಮೆ.

ಗ್ರಹಣ ಹಿಡಿದ ಶಾಸನ

ತಾನು ಓದಿದ ವಿಜ್ಞಾನವನ್ನು ಬಚ್ಚಿಡಬೇಕಾದ ಕಳಂಕವೆಂದು ಭಾವಿಸುವವರುಂಟು. ಹಾಗೆ ಭಾವಿಸಬೇಕಾಗಿಲ್ಲ ಎಂಬುದಕ್ಕೆ ಕನ್ನಡ ಶಾಸನಗಳಲ್ಲೇ ಉದಾಹರಣೆ ಇದೆ. ನೂರಾರು ದಾನಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳ ಜೊತೆಗೆ "ಸೂರ್ಯಗ್ರಹಣದಂದು" ಅಥವಾ "ಸೋಮಗ್ರಹಣದಂದು" ಎಂಬ ಮಾತು ಬರುತ್ತದೆ. ಸೂರ್ಯಗ್ರಹಣ ಅಮಾವಾಸ್ಯೆಯಂದು ಮಾತ್ರ, ಚಂದ್ರಗ್ರಹಣ ಹುಣ್ಣಿಮೆಯಂದು ಮಾತ್ರ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಹಿಂದಿನ ಸಾವಿರಾರು ವರ್ಷಗಳ ಗ್ರಹಣಗಳ ಲೆಕ್ಕ ಇಂದು ಯಾರಿಗೆ ಬೇಕಾದರೂ ಸಿಗುತ್ತದೆ. ಶಾಸನದ ತೇದಿಯನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು. ಬೆಂಗಳೂರಿನ ನೆಹರೂ ತಾರಾಲಯದ ಖಗೋಳಜ್ಞೆ ಬಿ.ಎಸ್. ಶೈಲಜಾ ಅವರು ಶಾಸನಗಳಲ್ಲಿನ ಇಂಥ ದಾಖಲೆಗಳನ್ನು ಕಲೆಹಾಕಿ ಕೆಲಸ ಮಾಡಿದ್ದಾರೆ.

ಈಗ ಒಂದು ಶಾಸನದ ಗ್ರಹಣ ಲೆಕ್ಕಕ್ಕೆ ಸರಿಹೊಂದಿತು. ಆದರೆ ಅದು ಕರ್ನಾಟಕದಲ್ಲಿ ಕಾಣುವಂತೆಯೇ ಇರಲಿಲ್ಲ ಎಂದಿಟ್ಟುಕೊಳ್ಳೋಣ. ವಿಜ್ಞಾನದ ವಿದ್ಯಾರ್ಥಿ "ಶಾಸನ ತಪ್ಪು" ಎಂದು ಕೆಂಪು ಗೆರೆ ಎಳೆದು ಏಳಬಹುದು. ಇತಿಹಾಸದ ವಿದ್ಯಾರ್ಥಿಯ ಕೆಲಸ ಶುರುವಾಗುವುದೇ ಆಗ. ಕಣ್ಣಿಗೆ ಕಾಣದ ಗ್ರಹಣ ದಾನಕ್ಕೆ ಹೇಗೆ ನಿಮಿತ್ತವಾಯಿತು? ಅದನ್ನು ಲೆಕ್ಕ ಹಾಕಿ ಹೇಳಿದ ಜೋಯಿಸರು ಯಾರು? ಆ ದಿನದ ಪುಣ್ಯದ ಹೆಸರಿನಲ್ಲಿ ಯಾರ ಜಮೀನು ಯಾರ ಕೈಸೇರಿತು? ತೇದಿಯೇ ಸುಳ್ಳಾಗಿದ್ದರೆ ಅದು ಮುಂದೆ ಯಾರೋ ಸೃಷ್ಟಿಸಿದ ಕೂಟಶಾಸನ ಇರಬಹುದೇ? ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಐ.ಸಿ.ಎಸ್. ಅಧಿಕಾರಿ ಜೆ.ಎಫ್. ಫ್ಲೀಟ್ ಕೂಟಶಾಸನಗಳೆಂದು ವಾದಿಸಿದ್ದುಂಟು. ಕೂಟಶಾಸನವೂ ಒಂದು ಸಾಕ್ಷಿಯೇ. ಅದರಲ್ಲಿರುವ ರಾಜನ ಕಾಲಕ್ಕೆ ಅದು ಸಾಕ್ಷಿಯಲ್ಲದಿದ್ದರೂ, ಅದನ್ನು ಸೃಷ್ಟಿಸಿದವರ ಕಾಲದ ಜಮೀನಿನ ಜಗಳಕ್ಕೆ ಸಾಕ್ಷಿಯಾಗಬಹುದು. ಗ್ರಹಣ ಹಿಡಿಯಿತೇ ಎಂಬುದಕ್ಕೆ ಖಗೋಳ ಉತ್ತರಿಸುತ್ತದೆ. ಅದರಿಂದ ಮನುಷ್ಯರ ನಡುವೆ ಏನಾಯಿತು ಎಂಬುದನ್ನು ಇತಿಹಾಸವೇ ಹೇಳಬೇಕು. ಎರಡನ್ನೂ ಕೇಳಬಲ್ಲ ಅಭ್ಯರ್ಥಿಯ ಪ್ರಸ್ತಾವ ಉಳಿದವರಿಗಿಂತ ಬೇರೆಯಾಗಿ ಕಾಣುತ್ತದೆ.

ಇದನ್ನು ಮಾಡಿ ತೋರಿಸಿದವರಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಮುಂಬಯಿ ಐಐಟಿಯಲ್ಲಿ ಓದಿದ್ದು ಎಂಜಿನಿಯರಿಂಗ್ ಭೌತಶಾಸ್ತ್ರ. ಆಮೇಲೆ ಲಂಡನ್ನಿಗೆ ಹೋಗಿ ದಕ್ಷಿಣ ಭಾರತದ ಕಂಚಿನ ವಿಗ್ರಹಗಳ ಲೋಹವನ್ನು ಪರೀಕ್ಷಿಸಿ 1996ರಲ್ಲಿ ಡಾಕ್ಟರೇಟ್ ಪಡೆದರು. 2019ರಲ್ಲಿ ಪದ್ಮಶ್ರೀ ಬಂತು. ವಿಮಾನ ವಿಜ್ಞಾನಿ ರೊದ್ದಂ ನರಸಿಂಹ ಅವರು ಟಿಪ್ಪು ಕಾಲದ ಮೈಸೂರು ರಾಕೆಟ್ಟುಗಳ ಚರಿತ್ರೆ ಬರೆದರು. ಬೆಂಗಳೂರಿನ ಮಿಥಿಕ್ ಸೊಸೈಟಿಯಲ್ಲಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸವನ್ನು ಮುನ್ನಡೆಸಿದವರು ಎಂಜಿನಿಯರಿಂಗ್ ಹಿನ್ನೆಲೆಯವರು.

ಅರಿಸ್ಟಾಟಲನ ಉತ್ತರಪತ್ರಿಕೆ

ವಿಜ್ಞಾನದವರು ಜೊತೆಗೆ ತರುವ ಕೆಲವು ಅಭ್ಯಾಸಗಳನ್ನು ಮಾತ್ರ ಹೊಸ್ತಿಲಾಚೆ ಬಿಡಬೇಕು. ಇದಕ್ಕೆ ಥಾಮಸ್ ಕೂನ್ ಕಥೆ ಒಳ್ಳೆಯ ಪಾಠ. 1949ರಲ್ಲಿ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರದ ಪಿಎಚ್.ಡಿ. ಪಡೆದ ಕೂನ್, ಅದಕ್ಕೆ ಮುಂಚೆಯೇ ವಿಜ್ಞಾನೇತರ ವಿದ್ಯಾರ್ಥಿಗಳಿಗೆ ಪಾಠ ಮಾಡಬೇಕಾಗಿ ಬಂದು ಅರಿಸ್ಟಾಟಲನ ಭೌತಶಾಸ್ತ್ರವನ್ನು ತೆರೆದು ಕೂತರು. ನ್ಯೂಟನ್ನನ ಕಣ್ಣಿನಿಂದ ನೋಡಿದರೆ ಪುಟಪುಟವೂ ತಪ್ಪು. ಅಷ್ಟು ದೊಡ್ಡ ಬುದ್ಧಿವಂತ ಇಷ್ಟು ತಪ್ಪು ಬರೆದನೇ ಎಂದು ಯೋಚಿಸುತ್ತಿರುವಾಗ ಅವರಿಗೆ ಹೊಳೆಯಿತು: ಅರಿಸ್ಟಾಟಲ್ ಉತ್ತರಿಸುತ್ತಿದ್ದದ್ದು ಬೇರೆಯದೇ ಪ್ರಶ್ನೆಗೆ. ಅವನಿಗೆ ಚಲನೆ ಎಂದರೆ ಕಲ್ಲು ಬೀಳುವುದಷ್ಟೇ ಅಲ್ಲ. ಬೀಜ ಮರವಾಗುವುದೂ ರೋಗಿ ಗುಣವಾಗುವುದೂ ಅದರಲ್ಲಿ ಸೇರಿತ್ತು. ಇಂದಿನ ಕೀ ಆನ್ಸರ್ ಹಿಡಿದು ಅಂದಿನ ಉತ್ತರಪತ್ರಿಕೆಗೆ ಅಂಕ ಹಾಕಬಾರದು ಎಂಬ ಈ ಅರಿವಿನಿಂದಲೇ ಕೂನ್ ಇತಿಹಾಸದ ಕಡೆ ತಿರುಗಿದರು. ವೈಜ್ಞಾನಿಕ ಕ್ರಾಂತಿಗಳನ್ನು ಕುರಿತ ಅವರ ಪ್ರಸಿದ್ಧ ಪುಸ್ತಕ 1962ರಲ್ಲಿ ಬಂತು.

ಇದರ ಇನ್ನೊಂದು ತುದಿಯ ತಪ್ಪೂ ಉಂಟು. ಇಂದಿನ ವಿಜ್ಞಾನವೆಲ್ಲ ನಮ್ಮ ಹಿರಿಯರಿಗೆ ಮೊದಲೇ ತಿಳಿದಿತ್ತು ಎಂದು ಸಾಧಿಸಲು ಹೊರಡುವುದು. ಉತ್ತರ ಮೊದಲೇ ಜೇಬಿನಲ್ಲಿದ್ದರೆ ಅದು ಸಂಶೋಧನೆಯಲ್ಲ ಎಂದು ಯಾವ ಪ್ರಯೋಗಶಾಲೆಯೂ ಹೇಳುತ್ತದೆ. ಪತ್ರಾಗಾರದಲ್ಲೂ ಅದೇ ನಿಯಮ. ಪ್ರತಿಯೊಂದಕ್ಕೂ ಒಂದೇ ಕಾರಣ ಹುಡುಕುವ ಚಟವನ್ನೂ ಬಿಡಬೇಕು. ವಿಜಯನಗರ ಏಕೆ ಬಿತ್ತು ಎಂಬುದಕ್ಕೆ ಓಮನ ನಿಯಮದಂಥ ಸೂತ್ರವಿಲ್ಲ. ಪ್ರಯೋಗವನ್ನು ಮತ್ತೊಮ್ಮೆ ಮಾಡಿ ನೋಡುವ ಅವಕಾಶವೂ ಇಲ್ಲ.

ಭಾಷೆ ಎಂಬ ಉಪಕರಣ

ಭೌತಶಾಸ್ತ್ರಕ್ಕೆ ಗಣಿತವಿದ್ದಂತೆ ಇತಿಹಾಸಕ್ಕೆ ಭಾಷೆ. ಪ್ರಾಚೀನ ಕರ್ನಾಟಕದ ಮೇಲೆ ಕೆಲಸ ಮಾಡುವವರಿಗೆ ಹಳಗನ್ನಡ ಬೇಕು, ಸಂಸ್ಕೃತ ಸ್ವಲ್ಪವಾದರೂ ಬೇಕು, ಹಳೆಯ ಲಿಪಿ ಓದಲು ಬರಬೇಕು. ಬಿಜಾಪುರದ ಆದಿಲ್‌ಶಾಹಿಗೆ ಪಾರ್ಸಿ, ಮರಾಠರ ಕಾಲದ ಕಾಗದಪತ್ರಕ್ಕೆ ಮೋಡಿ ಲಿಪಿ, ಗೋವೆ ಮತ್ತು ಕರಾವಳಿಯ ಒಂದು ಕಾಲಘಟ್ಟಕ್ಕೆ ಪೋರ್ಚುಗೀಸ್. ಅನುವಾದವನ್ನೇ ನೆಚ್ಚಿ ಬರೆದ ಪ್ರಸ್ತಾವ ಬೇಗ ಸಿಕ್ಕಿಬೀಳುತ್ತದೆ. ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ಡಿಪ್ಲೊಮಾ ನಡೆಸುತ್ತ ಬಂದಿದೆ. ಅರ್ಜಿಗೆ ಎರಡು ವರ್ಷ ಮುಂಚೆ ಇಂಥದ್ದಕ್ಕೆ ಸೇರಿದವರು, ಪದವಿಯ ಕೊರತೆಯನ್ನು ಯಾವ ಶಿಫಾರಸಿಗಿಂತಲೂ ಚೆನ್ನಾಗಿ ತುಂಬಿಕೊಳ್ಳುತ್ತಾರೆ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಮಹಾಪ್ರಬಂಧವನ್ನು ಕನ್ನಡದಲ್ಲೇ ಬರೆಯಬಹುದು ಎಂಬುದನ್ನೂ ಮರೆಯಬಾರದು.

ಸಮುದ್ರದಾಚೆಗೆ ಅರ್ಜಿ

ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಎಂ.ಎ. ಇಲ್ಲದೆ ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದಾದ ವಿಶ್ವವಿದ್ಯಾನಿಲಯಗಳು ಬಹಳ. ಅರ್ಜಿಗಳ ಗಡುವು ಹೆಚ್ಚಾಗಿ ಡಿಸೆಂಬರಿನ ಆಸುಪಾಸು. ಪ್ರವೇಶ ಸಿಕ್ಕರೆ ದೊಡ್ಡ ವಿಭಾಗಗಳು ಶುಲ್ಕ ಬಿಟ್ಟು, ಕಲಿಸುವ ಕೆಲಸ ಕೊಟ್ಟು, ಖರ್ಚಿಗೆ ಹಣವನ್ನೂ ಕೊಡುತ್ತವೆ. ಆದ್ದರಿಂದಲೇ ಪೈಪೋಟಿ ಕಠಿಣ. ತನ್ನ ಉದ್ದೇಶ ತಿಳಿಸುವ ಬರಹ, ಮೂರು ಶಿಫಾರಸು ಪತ್ರ, ಒಂದು ಮಾದರಿ ಪ್ರಬಂಧ, ಇವುಗಳ ಮೇಲೆ ತೀರ್ಮಾನ ನಿಲ್ಲುತ್ತದೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಮೊದಲು ಸ್ನಾತಕೋತ್ತರ ಪದವಿ, ಜೊತೆಗೆ ಸಿದ್ಧವಾದ ಪ್ರಸ್ತಾವ ಕೇಳುತ್ತಾರೆ.

ವಿಜ್ಞಾನದ ಪದವೀಧರರಿಗೆ ತೊಡಕಾಗುವುದು ಕೊನೆಯ ಎರಡು. "ಈ ವಿದ್ಯಾರ್ಥಿ ಪ್ರಯೋಗಶಾಲೆಯಲ್ಲಿ ಶಿಸ್ತಿನಿಂದ ಇದ್ದ" ಎಂದು ರಸಾಯನಶಾಸ್ತ್ರದ ಮೇಷ್ಟ್ರು ಬರೆದುಕೊಟ್ಟರೆ ಇತಿಹಾಸ ವಿಭಾಗಕ್ಕೆ ಅದರಿಂದ ಏನೂ ತಿಳಿಯುವುದಿಲ್ಲ. ಅಭ್ಯರ್ಥಿ ಹೇಗೆ ಓದುತ್ತಾನೆ, ಹೇಗೆ ಬರೆಯುತ್ತಾನೆ, ವಾದ ಹೇಗೆ ಕಟ್ಟುತ್ತಾನೆ ಎಂದು ಹೇಳಬಲ್ಲ ಒಬ್ಬ ಇತಿಹಾಸಕಾರರ ಪತ್ರವಾದರೂ ಬೇಕು. ಅಂಥ ಪತ್ರ ಒಂದು ವಾರದಲ್ಲಿ ಸಿಗದು. ಅವರ ಕೈಕೆಳಗೆ ಏನನ್ನಾದರೂ ಬರೆದು ತಿದ್ದಿಸಿಕೊಂಡಿರಬೇಕು. ಮಾದರಿ ಪ್ರಬಂಧವೂ ಮೂಲ ಆಕರಗಳ ಮೇಲೆ ನಿಂತಿರಬೇಕು. ಹತ್ತು ಪುಸ್ತಕದ ಸಾರಾಂಶವನ್ನು ಇಪ್ಪತ್ತು ಪುಟ ಬರೆಯುವುದಕ್ಕಿಂತ, ಊರಿನ ಒಂದೇ ಶಾಸನವನ್ನು ನೇರವಾಗಿ ಓದಿ ಅದರ ಮೇಲೆ ಬರೆದ ಹದಿನೈದು ಪುಟಕ್ಕೆ ಬೆಲೆ ಹೆಚ್ಚು.

ಕೈಗೆ ಬರುವುದೆಷ್ಟು, ಹೋಗುವುದೆಷ್ಟು

ಇಷ್ಟೆಲ್ಲ ಹೇಳಿ ಲೆಕ್ಕದ ಮಾತು ಆಡದಿದ್ದರೆ ಅನ್ಯಾಯವಾದೀತು. ಕಿರಿಯ ಸಂಶೋಧನಾ ಶಿಷ್ಯವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆಯಿತು. ಆದರೆ ಅದಕ್ಕೆ ವಯಸ್ಸಿನ ಮಿತಿ 30. ಮಹಿಳೆಯರಿಗೂ ಮೀಸಲಾತಿ ವರ್ಗದವರಿಗೂ ಐದು ವರ್ಷ ಸಡಿಲಿಕೆ. ನಲವತ್ತರ ಗಣಿತದ ಮೇಡಂಗೆ ಆ ಹಣ ಇಲ್ಲ. ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಸಾಮಾನ್ಯ ಮಿತಿ ಆರು ವರ್ಷ. ಮೇಲೆ ಎರಡು ವರ್ಷದ ವಿಸ್ತರಣೆ, ಮಹಿಳೆಯರಿಗೆ ಇನ್ನೂ ಎರಡು ವರ್ಷದ ಅವಕಾಶ. ಕೆಲಸದಲ್ಲಿರುವವರು ಮೇಲಧಿಕಾರಿಗಳ ಒಪ್ಪಿಗೆ ಪತ್ರ ತಂದು ಅರೆಕಾಲಿಕವಾಗಿ ಮಾಡಬಹುದು. ಆದರೆ ದೂರಶಿಕ್ಷಣದಲ್ಲಿ ಪಿಎಚ್.ಡಿ. ಮಾಡಲು ನಿಯಮದಲ್ಲಿ ಅವಕಾಶವಿಲ್ಲ. "ಮನೆಯಲ್ಲೇ ಕೂತು ಆರು ತಿಂಗಳಲ್ಲಿ ಡಾಕ್ಟರೇಟ್" ಎಂಬ ಜಾಹೀರಾತು ಕಂಡರೆ ಪುಟ ತಿರುವಿಬಿಡುವುದು ಕ್ಷೇಮ.

ಡಾಕ್ಟರೇಟ್ ಪಡೆದ ಮಾತ್ರಕ್ಕೆ ಕೆಲಸ ಕಾದಿರುವುದಿಲ್ಲ ಎಂಬುದೂ ಮನೆಯವರೆಲ್ಲ ಕೂತು ಮಾತಾಡಬೇಕಾದ ವಿಷಯ. ಎಂ.ಎ. ಮುಗಿಸಿದವರು ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಉಳಿದಿರುವುದನ್ನು ಎಲ್ಲರೂ ನೋಡಿದ್ದಾರೆ. ಗೃಹಸಾಲ ಇದೆಯೇ, ಮಕ್ಕಳ ಓದು ಯಾವ ಹಂತದಲ್ಲಿದೆ, ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಗಳು ಪ್ರಸ್ತಾವದ ಪ್ರಶ್ನೆಗಳಷ್ಟೇ ಮುಖ್ಯ. ಇವಕ್ಕೆ ಉತ್ತರ ಸಿಗದಿದ್ದರೆ ನೌಕರಿ ಬಿಡುವ ಪತ್ರಕ್ಕೆ ಸಹಿ ಹಾಕಬಾರದು. ಮುಕ್ತ ವಿಶ್ವವಿದ್ಯಾನಿಲಯದ ಎಂ.ಎ. ಮಾಡಿ, ಶಾಸನ ಓದಲು ಕಲಿತು, ತನ್ನ ಊರಿನ ಮೇಲೆ ಒಂದು ಗಟ್ಟಿ ಲೇಖನ ಬರೆಯುವುದು ಮೂರು ವರ್ಷದ ಕೆಲಸ. ಅದು ಮುಗಿದ ಮೇಲೂ ಹಸಿವು ಇಂಗದಿದ್ದರೆ ಅರ್ಜಿ ಹಾಕಲು ಅದೇ ಸರಿಯಾದ ಹೊತ್ತು. ಇಂಗಿದರೂ ನಷ್ಟವಿಲ್ಲ, ಲೇಖನ ಉಳಿದಿರುತ್ತದೆ.

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ಶಾಸನ ಸುಮಾರು ಕ್ರಿ.ಶ. 750ರದು. ಅಷ್ಟು ದೊಡ್ಡ ನಗರದ ನಡುವೆ ಅಷ್ಟು ಕಾಲ ಯಾರ ಗಮನಕ್ಕೂ ಬಾರದೆ ಅದು ಉಳಿದಿತ್ತು. ಅದೇ ವರ್ಷ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಳೆಯ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು. ಅವುಗಳ ಕಬ್ಬಿಣ ಎಂಥದ್ದು, ಒಳಗಿನ ಮದ್ದು ಯಾವುದು ಎಂದು ಹೇಳಲು ರಸಾಯನಶಾಸ್ತ್ರ ಬೇಕು. ಅವನ್ನು ಯಾರು ಮಾಡಿದರು, ಎಲ್ಲಿ ಮಾಡಿದರು, ಬಾವಿಗೆ ಏಕೆ ಬಿದ್ದವು ಎಂದು ತಿಳಿಯಲು ಕಡತಗಳನ್ನು ಓದಬೇಕು. ರಸ್ತೆ ಅಗಲ ಮಾಡುವಾಗ, ದೇವಸ್ಥಾನಕ್ಕೆ ಹೊಸ ಗ್ರಾನೈಟ್ ಹಾಕಿಸುವಾಗ ಇಂಥ ಸಾಕ್ಷಿಗಳು ಪ್ರತಿ ಊರಿನಲ್ಲೂ ಒಂದೊಂದಾಗಿ ಮಣ್ಣು ಪಾಲಾಗುತ್ತಿವೆ. ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿರುವ ಶಾಸನವನ್ನು ಓದಬಲ್ಲವರು ಬಂದರೆ, ಅವರು ಪಿ.ಯು.ಸಿ.ಯಲ್ಲಿ ಯಾವ ಕಾಂಬಿನೇಷನ್ ತೆಗೆದುಕೊಂಡಿದ್ದರು ಎಂದು ಆ ಕಲ್ಲು ಕೇಳುವುದಿಲ್ಲ.